ಇಪ್ಪತ್ತೈದು ಸೆಂಟಿನ ಸಾಲು

1816ರ ಏಪ್ರಿಲ್ 27ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಸಹಿ ಹಾಕಿದ ಸುಂಕದ ಕಾಯಿದೆಯಲ್ಲಿ ಹತ್ತಿ ಬಟ್ಟೆಯ ಬಗ್ಗೆ ಒಂದು ಸಾಲಿದೆ. ಹೊರದೇಶದಿಂದ ಬರುವ ಹತ್ತಿ ಬಟ್ಟೆಗೆ ಬೆಲೆಯ ಶೇಕಡಾ 25ರಷ್ಟು ಸುಂಕ ಎಂದು ಮೊದಲು ಹೇಳುವ ಕಾಯಿದೆ ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತದೆ: ಖರೀದಿಯ ಬೆಲೆ ಚದರ ಗಜಕ್ಕೆ 25 ಸೆಂಟಿಗಿಂತ ಕಡಿಮೆ ಇದ್ದರೆ ಅದನ್ನು 25 ಸೆಂಟು ಎಂದೇ ಹಿಡಿದು ಸುಂಕ ಕಟ್ಟಿಸಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿದರೆ, ಬಟ್ಟೆ ಎಷ್ಟೇ ಅಗ್ಗದ್ದಾಗಿರಲಿ, ಚದರ ಗಜಕ್ಕೆ ಆರೂಕಾಲು ಸೆಂಟು ತೆರಲೇಬೇಕು. 30 ಸೆಂಟಿನ ನಯವಾದ ಇಂಗ್ಲಿಷ್ ಬಟ್ಟೆಗೆ ಈ ಎರಡನೆಯ ಮಾತು ತಾಗುವುದಿಲ್ಲ. ಅದು ಕಾಲು ಭಾಗ ಕೊಟ್ಟು ಒಳಗೆ ಬರುತ್ತದೆ. 8 ಸೆಂಟಿನ ಒರಟು ಬಟ್ಟೆಯಾದರೆ ಸುಂಕ ಶೇಕಡಾ 78ಕ್ಕೆ ಏರುತ್ತದೆ. 6 ಸೆಂಟಿನದಾದರೆ ಬೆಲೆಗಿಂತ ಸುಂಕವೇ ಹೆಚ್ಚಾಗುತ್ತದೆ. ಆ ಕಾಲದಲ್ಲಿ ಅಮೆರಿಕದ ಬಾಸ್ಟನ್, ಸೇಲಂ ಬಂದರುಗಳಿಗೆ ಅಗ್ಗದ ಒರಟು ಹತ್ತಿ ಬಟ್ಟೆ ರಾಶಿರಾಶಿಯಾಗಿ ಬರುತ್ತಿದ್ದುದು ಕಲ್ಕತ್ತೆಯಿಂದ. ಬಂಗಾಳದ ನೇಕಾರನ ಹೆಸರನ್ನೇ ಎತ್ತದೆ ಅವನ ಬಟ್ಟೆಗೆ ಬಾಗಿಲು ಹಾಕಿದ ಸಾಲು ಇದು.

ಅಮೆರಿಕದ ಆರಂಭದ ದಶಕಗಳ ಆರ್ಥಿಕ ವಾದವಿವಾದಗಳನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಇಬ್ಬರು ದೊಡ್ಡವರನ್ನು ಎದುರುಬದುರು ಕೂರಿಸುತ್ತಾರೆ. ಒಂದು ಕಡೆ ಬ್ಯಾಂಕು, ಕಾರ್ಖಾನೆ, ಬಲವಾದ ಕೇಂದ್ರ ಸರ್ಕಾರ ಬೇಕೆಂದ ಅಲೆಕ್ಸಾಂಡರ್ ಹ್ಯಾಮಿಲ್ಟನ್; ಇನ್ನೊಂದು ಕಡೆ ಸ್ವಂತ ನೆಲವನ್ನು ಉಳುವ ರೈತನಲ್ಲೇ ಗಣರಾಜ್ಯದ ಬೇರನ್ನು ಕಂಡ ಥಾಮಸ್ ಜೆಫರ್ಸನ್. ಈ ಚಿತ್ರ ಸುಳ್ಳಲ್ಲ. ಆದರೆ ಇಷ್ಟನ್ನೇ ನೋಡಿದರೆ ವಿಷಯದ ಮುಕ್ಕಾಲು ಪಾಲು ಕಣ್ತಪ್ಪಿಹೋಗುತ್ತದೆ. ಭಾಷಣಗಳಿಗಿಂತ ಸುಂಕದ ಪಟ್ಟಿಗಳನ್ನು ಓದುವುದು ಮೇಲು ಎಂಬುದು ನನ್ನ ನಂಬಿಕೆ. ಭಾಷಣದಲ್ಲಿ ದೇಶದ ಹಿತವಿರುತ್ತದೆ. ಪಟ್ಟಿಯಲ್ಲಿ ಮೊಳೆ, ಕಾಕಂಬಿ, ಉಪ್ಪು, ಸೆಣಬು ಇರುತ್ತವೆ, ಮತ್ತು ಪ್ರತಿಯೊಂದರ ಮುಂದೆಯೂ ಯಾರು ಕೊಡಬೇಕು, ಯಾರಿಗೆ ಸಿಗಬೇಕು ಎಂಬುದನ್ನು ಅಂಕಿಗಳಲ್ಲಿ ಬರೆದಿಟ್ಟಿರುತ್ತದೆ. ಸಭೆಯಲ್ಲಿ ಕೂರಲು ಜಾಗವಿದ್ದವರು ತಮ್ಮತಮ್ಮಲ್ಲಿ ಹೇಗೆ ಹೊಂದಿಕೊಂಡರು, ಜಾಗವಿಲ್ಲದವರ ತಲೆಯ ಮೇಲೆ ಹೊರೆಯನ್ನು ಹೇಗೆ ಇಳಿಸಿದರು ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ.

ಮೊದಲಿಗೆ ಅಂಥ ಪಟ್ಟಿಯನ್ನು ಮಾಡುವ ಅಧಿಕಾರವೇ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಇರಲಿಲ್ಲ. ಅದು 13 ರಾಜ್ಯಗಳ ಮುಂದೆ ಕೈಯೊಡ್ಡಿ ಅವು ಕೊಟ್ಟಷ್ಟರಲ್ಲಿ ದಿನ ದೂಡಬೇಕಿತ್ತು. ಆಮದಿನ ಮೇಲೆ ಶೇಕಡಾ 5ರ ಸುಂಕ ಹಾಕಲು ಒಪ್ಪಿಗೆ ಕೊಡಿ ಎಂದು ಅಲ್ಲಿನ ಕೇಂದ್ರ ಶಾಸನಸಭೆಯಾದ ಕಾಂಗ್ರೆಸ್ 1781ರಲ್ಲಿ ಕೇಳಿತು. ಎಲ್ಲ ರಾಜ್ಯಗಳೂ ಒಪ್ಪಬೇಕಿದ್ದ ಆ ತಿದ್ದುಪಡಿಯನ್ನು ಪುಟ್ಟ ರೋಡ್ ಐಲೆಂಡ್ ಕೆಡಿಸಿತು. 1783ರಲ್ಲಿ ಮತ್ತೆ ಕೇಳಿದಾಗ ನ್ಯೂಯಾರ್ಕ್ ಅಡ್ಡಗಾಲು ಹಾಕಿತು, ಏಕೆಂದರೆ ತನ್ನ ಬಂದರಿನಲ್ಲಿ ಹುಟ್ಟುವ ಸುಂಕವನ್ನು ಬಿಟ್ಟುಕೊಡಲು ಅದಕ್ಕೆ ಮನಸ್ಸಿರಲಿಲ್ಲ. ಕೇಂದ್ರದ ಬೊಕ್ಕಸ ಬರಿದಾಗಿದ್ದ ಆ ದಿನಗಳ ಒಂದು ಘಟನೆ ಕನ್ನಡಿಗರಿಗೆ ಹತ್ತಿರವಾದದ್ದು. ಸ್ವಾತಂತ್ರ್ಯಯುದ್ಧದ ವೇಳೆ ಡೆಲವೇರ್ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳನ್ನು ಇಂಗ್ಲಿಷರ ಪಕ್ಷದವರು ದೋಚುತ್ತಿದ್ದಾಗ ಫಿಲಡೆಲ್ಫಿಯದ ವರ್ತಕರು ತಾವೇ ಹಣ ಹೊಂದಿಸಿ, ಪೆನ್ಸಿಲ್ವೇನಿಯ ರಾಜ್ಯದ ಪರವಾಗಿ ಹಡಗೊಂದಕ್ಕೆ ತೋಪುಗಳನ್ನು ಹೂಡಿಸಿದರು. ಆ ಹಡಗಿನ ಹೆಸರು ‘ಹೈದರ್ ಅಲಿ’. ಮೈಸೂರಿನ ಹೈದರಾಲಿ ಆಗ ಇಂಗ್ಲಿಷರೊಡನೆ ಎರಡನೆಯ ಯುದ್ಧದಲ್ಲಿ ತೊಡಗಿದ್ದ. ಅವರ ಶತ್ರುವಿನ ಹೆಸರು ಅಟ್ಲಾಂಟಿಕ್ ದಾಟಿ ಫಿಲಡೆಲ್ಫಿಯದವರಿಗೂ ಪ್ರಿಯವಾಗಿತ್ತು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ 22 ವರ್ಷದ ನಾಯಕ ಆ ಹಡಗಿನ ಬಲದಿಂದ ‘ಜನರಲ್ ಮಂಕ್’ ಎಂಬ ಇಂಗ್ಲಿಷ್ ಹಡಗನ್ನು ಸೆರೆಹಿಡಿದ. ತಮ್ಮ ಸರಕನ್ನು ಕಾಯಲು ವರ್ತಕರೇ ತೋಪು ಕೊಳ್ಳಬೇಕಾಗಿದ್ದ ದೇಶದಲ್ಲಿ ವ್ಯಾಪಾರನೀತಿ ಎಂಬುದು ಇರುವುದಾದರೂ ಹೇಗೆ?

1787ರ ಸಂವಿಧಾನ ಆ ಅಧಿಕಾರವನ್ನು ಕೊಟ್ಟಿತು, ಆದರೆ ಪುಕ್ಕಟೆಯಾಗಿ ಅಲ್ಲ. ಫಿಲಡೆಲ್ಫಿಯದ ಆ ಸಭೆಯಲ್ಲಿ ಆಗಸ್ಟ್ ತಿಂಗಳಲ್ಲಿ ಕುದುರಿದ ಒಪ್ಪಂದವನ್ನು ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಹಡಗು, ಸಮುದ್ರವ್ಯಾಪಾರಗಳ ಕಾನೂನುಗಳನ್ನು ಸರಳ ಬಹುಮತದಿಂದಲೇ ಮಾಡಲು ಸಾಧ್ಯವಾಗಬೇಕು ಎಂಬುದು ಹಡಗು ಕಟ್ಟುವ ನ್ಯೂ ಇಂಗ್ಲೆಂಡಿನವರ, ಅಂದರೆ ಅಮೆರಿಕದ ಈಶಾನ್ಯದ ರಾಜ್ಯಗಳವರ, ಆಸೆ. ಅದಕ್ಕೆ ಮೂರನೆಯ ಎರಡರಷ್ಟು ಮತ ಬೇಕೆನ್ನುವುದು ದಕ್ಷಿಣದವರ ಹಟ; ಸಾಗಣೆಯ ದರವನ್ನು ಉತ್ತರದವರು ಬಾಯಿಗೆ ಬಂದಂತೆ ಏರಿಸಿಯಾರು ಎಂಬ ಭಯ ಅವರದು. ಕೊನೆಗೆ ಸರಳ ಬಹುಮತ ಉಳಿಯಿತು; ಪ್ರತಿಯಾಗಿ ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರವನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸಕೂಡದು ಎಂಬ ಮಾತು ಸಂವಿಧಾನದೊಳಗೆ ಸೇರಿತು. ಹಾಗೆ ತರುವ ಒಬ್ಬೊಬ್ಬರ ಮೇಲೆ 10 ಡಾಲರಿಗೆ ಮೀರದ ಸುಂಕ ಹಾಕಬಹುದು ಎಂದೂ ಬರೆದರು. ರಫ್ತಿನ ಮೇಲೆ ತೆರಿಗೆಯೇ ಕೂಡದು ಎಂಬ ನಿಯಮವೂ ತಂಬಾಕು, ಅಕ್ಕಿ, ನೀಲಿಯನ್ನು ಹೊರಗೆ ಕಳಿಸುತ್ತಿದ್ದ ದಕ್ಷಿಣದ ಒತ್ತಾಯದಿಂದಲೇ ಬಂದದ್ದು. ಅಮೆರಿಕದ ವ್ಯಾಪಾರನೀತಿಯ ಮೊದಲ ದೊಡ್ಡ ಹೊಂದಾಣಿಕೆಯಲ್ಲಿ ಒಂದು ತಕ್ಕಡಿಯಲ್ಲಿ ಹಡಗಿನ ಬಾಡಿಗೆ, ಇನ್ನೊಂದರಲ್ಲಿ ಮನುಷ್ಯರು ಇದ್ದರು.

ಹೊಸ ಸಂವಿಧಾನದ ಕೆಳಗೆ ಮೊದಲ ಕಾಂಗ್ರೆಸ್ ನ್ಯೂಯಾರ್ಕಿನಲ್ಲಿ ಸೇರಿದಾಗ, ಇನ್ನೂ ವಾಷಿಂಗ್ಟನ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ, 1789ರ ಏಪ್ರಿಲ್ 8ರಂದು ಮ್ಯಾಡಿಸನ್ ಸುಂಕದ ಪ್ರಸ್ತಾವವನ್ನು ಮಂಡಿಸಿದರು. ತಾವು ಬಹಳ ಮುಕ್ತವಾದ ವ್ಯಾಪಾರದ ಪರ ಎಂದೂ, ವ್ಯಾಪಾರಕ್ಕೆ ಹಾಕುವ ಸಂಕೋಲೆಗಳು ಸಾಮಾನ್ಯವಾಗಿ ಅನ್ಯಾಯದವು ಎಂದೂ ಅವರು ಆ ದಿನಗಳಲ್ಲಿ ಹೇಳಿದರು. ಆದರೆ ಪಟ್ಟಿ ಬಿಚ್ಚಿಕೊಂಡ ಕೂಡಲೇ ತತ್ವ ಹಿಂದೆ ಸರಿದು ಊರೂರಿನ ಸರಕುಗಳು ಮುಂದೆ ಬಂದವು. ಮ್ಯಾಸಚೂಸೆಟ್ಸಿನ ಫಿಶರ್ ಏಮ್ಸ್ ಮೊಳೆಗಳ ಪರವಾಗಿ ಮಾತಾಡಿದ್ದು ನನಗೆ ಬಹಳ ಇಷ್ಟವಾದ ಭಾಗ. ತಮ್ಮ ಕಡೆಯ ಹಳ್ಳಿಯವರು ಮನೆಯ ಬೆಂಕಿಗೂಡಿನ ಮೂಲೆಯಲ್ಲೇ ಸಣ್ಣ ಕುಲುಮೆ ಹೂಡಿಕೊಂಡು, ಚಳಿಗಾಲದಲ್ಲಿ, ಸಂಜೆಯ ಹೊತ್ತಿನಲ್ಲಿ, ಮಕ್ಕಳನ್ನೂ ಕೂಡಿಸಿಕೊಂಡು ಮೊಳೆ ತಟ್ಟುತ್ತಾರೆ ಎಂದು ಅವರು ವಿವರಿಸಿದರು. ಬಿತ್ತನೆಗೆ ಆಗದ ತಿಂಗಳುಗಳಲ್ಲಿ ರೈತನ ಮನೆಗೆ ನಾಲ್ಕು ಕಾಸು ತರುವ ಈ ಕೆಲಸಕ್ಕೆ ಪೌಂಡಿಗೆ 1 ಸೆಂಟಿನ ರಕ್ಷಣೆ ಸಿಕ್ಕಿತು.

ಅದೇ ಏಮ್ಸ್ ಕಾಕಂಬಿಯ ವಿಷಯ ಬಂದಾಗ ಸುಂಕದ ಕಡು ವಿರೋಧಿ. ಕಾರಣ ಸ್ಪಷ್ಟ: ನ್ಯೂ ಇಂಗ್ಲೆಂಡಿನವರು ಒಣಗಿಸಿದ ಮೀನನ್ನು ವೆಸ್ಟ್ ಇಂಡೀಸಿಗೆ ಒಯ್ದು, ಅಲ್ಲಿಂದ ಕಾಕಂಬಿ ತಂದು, ರಮ್ ಇಳಿಸುತ್ತಿದ್ದರು. ಕಾಕಂಬಿಗೆ ಸುಂಕ ಬಿದ್ದರೆ ಭಟ್ಟಿಯಷ್ಟೇ ಅಲ್ಲ, ಮೀನುಗಾರಿಕೆಯೂ ಹಡಗುಕಟ್ಟೆಯೂ ಕುಸಿಯುತ್ತವೆ ಎಂಬುದು ಅವರ ವಾದ. ಹಗ್ಗಜಗ್ಗಾಟದ ಕೊನೆಗೆ ಅದು ಗ್ಯಾಲನ್ನಿಗೆ ಎರಡೂವರೆ ಸೆಂಟಿಗೆ ನಿಂತಿತು. ಉಕ್ಕಿನ ಸುಂಕ ಪೆನ್ಸಿಲ್ವೇನಿಯಕ್ಕೆ ಬೇಕಿತ್ತು. ಅದು ನೇಗಿಲಿನ ಮೇಲಿನ ತೆರಿಗೆ ಎಂದು ದಕ್ಷಿಣ ಕೆರೊಲಿನಾ ಗೊಣಗಿತು. ಜುಲೈ 4ರಂದು ಕಾಯಿದೆಯಾದ ಆ ಪಟ್ಟಿಯಲ್ಲಿ ಹೆಚ್ಚಿನ ಸರಕುಗಳಿಗೆ ಶೇಕಡಾ 5ರ ಸುಂಕ ಮಾತ್ರ ಇತ್ತು. ಚೀನಾ ಮತ್ತು ಭಾರತದ ಸರಕನ್ನು ಅಮೆರಿಕದ್ದಲ್ಲದ ಹಡಗಿನಲ್ಲಿ ತಂದರೆ, ಚಹಾ ಬಿಟ್ಟು ಉಳಿದದ್ದಕ್ಕೆ ಶೇಕಡಾ ಹನ್ನೆರಡೂವರೆ. ಅಂದರೆ ಆಗ ಅವರಿಗೆ ಭಾರತದ ಬಟ್ಟೆ ಬೇಕಿತ್ತು. ಅದು ತಮ್ಮ ಹಡಗಿನಲ್ಲಿ ಬರಬೇಕೆಂಬುದಷ್ಟೇ ಹಂಬಲವಾಗಿತ್ತು.

ಮ್ಯಾಡಿಸನ್ ಮತ್ತು ಹ್ಯಾಮಿಲ್ಟನ್ ಬೇರೆಯಾದದ್ದು ಬ್ರಿಟನ್ನಿನ ವಿಷಯದಲ್ಲಿ. ಅಮೆರಿಕದ ಹಡಗುಗಳಿಗೆ ತನ್ನ ವೆಸ್ಟ್ ಇಂಡೀಸ್ ವಸಾಹತುಗಳ ಬಾಗಿಲು ಮುಚ್ಚಿದ್ದ ಬ್ರಿಟನ್ನಿಗೆ ಪಾಠ ಕಲಿಸಬೇಕು, ಒಪ್ಪಂದ ಮಾಡಿಕೊಂಡ ಫ್ರಾನ್ಸಿನಂಥ ದೇಶಗಳಿಗಿಂತ ಅದರ ಹಡಗುಗಳ ಮೇಲೆ ಹೆಚ್ಚಿನ ಶುಲ್ಕ ಹೇರಬೇಕು ಎಂದು ಮ್ಯಾಡಿಸನ್ ವಾದಿಸಿದರು. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ ಒಪ್ಪಿತು, ಮೇಲ್ಮನೆಯಾದ ಸೆನೆಟ್ ಒಪ್ಪಲಿಲ್ಲ. ಖಜಾನೆಯ ಕಾರ್ಯದರ್ಶಿಯಾದ ಹ್ಯಾಮಿಲ್ಟನ್ನರಿಗೆ ಈ ಆಲೋಚನೆ ದಿಗಿಲು ಹುಟ್ಟಿಸುವಂಥದ್ದು. ಯುದ್ಧದ ಸಾಲವನ್ನೆಲ್ಲ ತೀರಿಸುವುದಾಗಿ ಅವರು 1790ರಲ್ಲಿ ಮಾತು ಕೊಟ್ಟಿದ್ದರು. ಬಡ್ಡಿ ಕಟ್ಟಲು ಬೇಕಾದ ಹಣದಲ್ಲಿ ಬಹುಪಾಲು ಆಮದು ಸುಂಕದಿಂದ ಬರಬೇಕಿತ್ತು, ಆಮದಿನಲ್ಲಿ ಬಹುಪಾಲು ಬ್ರಿಟನ್ನಿನಿಂದ ಬರುತ್ತಿತ್ತು. ಆ ಹರಿವು ನಿಂತರೆ ಸಾಲಪತ್ರ, ಬ್ಯಾಂಕು, ಸರ್ಕಾರ ಎಲ್ಲವೂ ಒಟ್ಟಿಗೇ ಬೀಳುತ್ತಿದ್ದವು.

ಹೀಗಾಗಿ ಹ್ಯಾಮಿಲ್ಟನ್ನರನ್ನು ಎತ್ತರದ ಸುಂಕದ ಗೋಡೆಯ ಪಿತಾಮಹ ಎಂದು ಕರೆಯುವವರು ಅವರ 1791ರ ಡಿಸೆಂಬರ್ 5ರ ಕೈಗಾರಿಕಾ ವರದಿಯನ್ನು ಇನ್ನೊಮ್ಮೆ ನೋಡಬೇಕು. ಆಡಂ ಸ್ಮಿತ್ 1776ರಲ್ಲಿ ಅಮೆರಿಕನ್ನರು ಬೇಸಾಯದಲ್ಲೇ ಬಂಡವಾಳ ಹಾಕುವುದು ಲೇಸು ಎಂದಿದ್ದರು. ಬೇರೆ ದೇಶಗಳು ತಮ್ಮ ಕೈಗಾರಿಕೆಗಳಿಗೆ ಊರುಗೋಲು ಕೊಟ್ಟು ನಿಲ್ಲಿಸಿರುವಾಗ ಹೊಸಬರು ಬರಿಗೈಯಲ್ಲಿ ಪೈಪೋಟಿ ನಡೆಸಲಾರರು ಎಂಬುದು ಹ್ಯಾಮಿಲ್ಟನ್ನರ ಉತ್ತರ. ಆದರೆ ಅವರು ಮೇಲು ಎಂದು ಎತ್ತಿ ಹಿಡಿದದ್ದು ಸಹಾಯಧನವನ್ನು. ಸುಂಕ ಏರಿಸಿದರೆ ಕೊಳ್ಳುವವರಿಗೆ ಬೆಲೆ ಏರುತ್ತದೆ, ಕಳ್ಳಸಾಗಣೆ ಹೆಚ್ಚುತ್ತದೆ, ಬೊಕ್ಕಸಕ್ಕೆ ಬರುವುದು ಕಡಿಮೆಯಾಗುತ್ತದೆ. ಮಿತವಾದ ಸುಂಕದಿಂದ ಬಂದ ಹಣದಲ್ಲಿ ಒಂದಿಷ್ಟನ್ನು ತಯಾರಕನಿಗೆ ನೇರವಾಗಿ ಕೊಟ್ಟರೆ ಸರಕು ದುಬಾರಿಯಾಗದೆಯೇ ಕಸುಬು ಬೆಳೆಯುತ್ತದೆ. ಇಷ್ಟು ಸ್ವಚ್ಛವಾದ ತರ್ಕ ಆ ಕಾಲದ ಕಾಗದಪತ್ರಗಳಲ್ಲಿ ಅಪರೂಪ. ಕಾಂಗ್ರೆಸ್ ಮಾಡಿದ್ದೇನು? ಸುಂಕವನ್ನು ಏರಿಸುವ ಶಿಫಾರಸುಗಳಲ್ಲಿ ಹೆಚ್ಚಿನವನ್ನು 1792ರಲ್ಲಿ ಒಪ್ಪಿಕೊಂಡು ಸಹಾಯಧನವನ್ನು ಕೈಬಿಟ್ಟಿತು. ಸಹಾಯಧನದ ಖರ್ಚು ಲೆಕ್ಕದ ಪುಸ್ತಕದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಂಕದ ಖರ್ಚು ಅಂಗಡಿಯ ಬೆಲೆಯಲ್ಲಿ ಅಡಗಿ ಕೂರುತ್ತದೆ. ಅಂದಿನಿಂದ ಇಂದಿನವರೆಗೆ ಶಾಸನಸಭೆಗಳು ಎರಡನೆಯದನ್ನೇ ಆರಿಸಿಕೊಳ್ಳುತ್ತ ಬಂದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ವರದಿಯ ಒಂದು ಭಾಗದಲ್ಲಿ ಹ್ಯಾಮಿಲ್ಟನ್ ಕಾರ್ಖಾನೆಗಳಿಂದ ಹೆಂಗಸರೂ ಮಕ್ಕಳೂ, ಅದರಲ್ಲೂ ಎಳೆಯ ವಯಸ್ಸಿನ ಮಕ್ಕಳು, ಹೆಚ್ಚು ಉಪಯುಕ್ತರಾಗುತ್ತಾರೆ ಎಂದು ಸಮಾಧಾನದಿಂದ ಬರೆಯುತ್ತಾರೆ. ಹಾಗೆ ಉಪಯುಕ್ತರಾಗಬೇಕಾದವರ ಮಾತು ಆ ವರದಿಯಲ್ಲಿ ಎಲ್ಲಿಯೂ ಇಲ್ಲ. ಹ್ಯಾಮಿಲ್ಟನ್ನರ ಬೆಂಬಲದಿಂದ ನ್ಯೂಜೆರ್ಸಿಯ ಪೆಸೆಯಿಕ್ ನದಿಯ ಜಲಪಾತದ ಬಳಿ ಪ್ಯಾಟರ್ಸನ್ ಎಂಬ ಕೈಗಾರಿಕಾ ಊರು ಕಟ್ಟಲು ಹೊರಟ ಸಂಘ, ಅದರ ಮುಖ್ಯಸ್ಥ ವಿಲಿಯಂ ಡ್ಯೂಯರ್ 1792ರ ಸಾಲಪತ್ರದ ಜೂಜಿನಲ್ಲಿ ದಿವಾಳಿಯೆದ್ದ ಮೇಲೆ ಚೇತರಿಸಿಕೊಳ್ಳಲಿಲ್ಲ. ಅದೇ ವೇಳೆಗೆ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ, ಇಂಗ್ಲೆಂಡಿನ ನೂಲುಗಿರಣಿಯ ಯಂತ್ರಗಳನ್ನು ನೆನಪಿನಲ್ಲಿಟ್ಟುಕೊಂಡು ಬಂದಿದ್ದ ಸ್ಯಾಮ್ಯುಯೆಲ್ ಸ್ಲೇಟರ್, ಸರ್ಕಾರದ ಯೋಜನೆಯ ನೆರವಿಲ್ಲದೆ, ಮಕ್ಕಳ ಕೈಯಿಂದಲೇ ನೂಲು ತೆಗೆಸಲು ಆರಂಭಿಸಿದ್ದರು.

ನಮ್ಮ ಕಾರ್ಖಾನೆಗಳು ಯುರೋಪಿನಲ್ಲೇ ಇರಲಿ ಎಂದು ಜೆಫರ್ಸನ್ ವರ್ಜೀನಿಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದರು. ಆದರೆ ಅಮೆರಿಕದ ಕಾರ್ಖಾನೆಗಳಿಗೆ ಅತಿ ದೊಡ್ಡ ಉಪಕಾರ ಮಾಡಿದ ಕಾಯಿದೆ ಅವರದೇ. ಬ್ರಿಟನ್ ಮತ್ತು ನೆಪೋಲಿಯನ್ನನ ಫ್ರಾನ್ಸಿನ ಕಾದಾಟದ ನಡುವೆ ಅಮೆರಿಕದ ಹಡಗುಗಳನ್ನು ಎರಡೂ ಕಡೆಯವರು ಹಿಡಿಯುತ್ತಿದ್ದರು. 1807ರ ಜೂನ್‌ನಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಅಮೆರಿಕದ ‘ಚೆಸಪೀಕ್’ ನೌಕೆಯ ಮೇಲೆ ಗುಂಡು ಹಾರಿಸಿ ನಾವಿಕರನ್ನು ಎಳೆದೊಯ್ಯಿತು. ಯುದ್ಧ ಬೇಡ, ನಮ್ಮ ವ್ಯಾಪಾರವನ್ನೇ ಅವರಿಗೆ ಇಲ್ಲವಾಗಿಸೋಣ ಎಂದು ಜೆಫರ್ಸನ್ ಡಿಸೆಂಬರ್ 22ರಂದು ಹಡಗುನಿಷೇಧಕ್ಕೆ ಸಹಿ ಹಾಕಿದರು. ಖಜಾನೆಯನ್ನು ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಗ್ಯಾಲಟಿನ್ ಕೆಲವೇ ದಿನ ಮುಂಚೆ ಅವರಿಗೆ ಪತ್ರ ಬರೆದು, ಕಾಲಮಿತಿಯಿಲ್ಲದ ನಿಷೇಧಕ್ಕಿಂತ ಯುದ್ಧವೇ ಮೇಲು, ಸರ್ಕಾರದ ನಿಷೇಧಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿನ ಕೇಡನ್ನೇ ಯಾವಾಗಲೂ ಮಾಡುತ್ತವೆ ಎಂದು ಎಚ್ಚರಿಸಿದ್ದರು. ಹಾಗೆ ಬರೆದ ಮನುಷ್ಯನೇ ಮುಂದೆ 14 ತಿಂಗಳು ಆ ನಿಷೇಧವನ್ನು ಜಾರಿಗೊಳಿಸಬೇಕಾಯಿತು. ನಿಷೇಧದ ಪರವಾಗಿ ಮಾತಾಡಿದವರಿಗಿಂತ ಅದನ್ನು ಹೊತ್ತು ನಡೆಸಿದ ಗ್ಯಾಲಟಿನ್ನರ ಬಗ್ಗೆ ನನಗೆ ಹೆಚ್ಚಿನ ಗೌರವ.

1807ರಲ್ಲಿ 10.8 ಕೋಟಿ ಡಾಲರಿನಷ್ಟಿದ್ದ ರಫ್ತು 1808ರಲ್ಲಿ 2.2 ಕೋಟಿಗೆ ಇಳಿಯಿತು. ವರ್ಮಾಂಟಿನವರು ಶಾಂಪ್ಲೇನ್ ಸರೋವರದ ಮೇಲೆ ಮರದ ದಿಮ್ಮಿಗಳ ದೊಡ್ಡ ತೆಪ್ಪಗಳನ್ನು ಕಟ್ಟಿ ಕೆನಡಾದತ್ತ ತೇಲಿಬಿಡುತ್ತಿದ್ದರು. 1808ರ ಏಪ್ರಿಲ್‌ನಲ್ಲಿ ಅಧ್ಯಕ್ಷರು ಆ ಪ್ರದೇಶದಲ್ಲಿ ದಂಗೆಯೆದ್ದಿದೆ ಎಂದೇ ಘೋಷಣೆ ಹೊರಡಿಸಬೇಕಾಯಿತು. ವ್ಯಕ್ತಿಯ ಸ್ವಾತಂತ್ರ್ಯದ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಜೆಫರ್ಸನ್ 1809ರ ಜನವರಿಯಲ್ಲಿ, ಬರಿಯ ಅನುಮಾನದ ಮೇಲೆ ಸರಕನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸುಂಕದ ಅಧಿಕಾರಿಗಳಿಗೆ ಕೊಡುವ ಕಾಯಿದೆಗೆ ಸಹಿ ಹಾಕಿದರು. ಮಾರ್ಚ್ ತಿಂಗಳಲ್ಲಿ ಅವರು ಅಧಿಕಾರ ಬಿಡುವ ಹೊತ್ತಿಗೆ ನಿಷೇಧ ರದ್ದಾಯಿತು. ಆದರೆ ಕಟ್ಟೆಗೆ ಕಟ್ಟಿಹಾಕಿದ ಹಡಗುಗಳ ಒಡೆಯರು ತಮ್ಮ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಹುಡುಕತೊಡಗಿದ್ದರು. 1812ರಿಂದ 1815ರವರೆಗಿನ ಯುದ್ಧದಲ್ಲಿ ಬ್ರಿಟಿಷ್ ಸರಕು ಬರುವುದೂ ನಿಂತಾಗ ಆ ಹಣ ಗಿರಣಿಗಳ ಕಡೆಗೆ ಹರಿಯಿತು. 1816ರಲ್ಲಿ ಬರೆದ ಪತ್ರವೊಂದರಲ್ಲಿ ಜೆಫರ್ಸನ್, ಕೈಗಾರಿಕೆಗಳು ನಮ್ಮ ನೆಮ್ಮದಿಗೆ ಬೇಕಾದಷ್ಟೇ ನಮ್ಮ ಸ್ವಾತಂತ್ರ್ಯಕ್ಕೂ ಬೇಕು ಎಂಬುದನ್ನು ಅನುಭವ ಕಲಿಸಿದೆ ಎಂದು ಒಪ್ಪಿಕೊಂಡರು.

ಈಗ ಆ ಇಪ್ಪತ್ತೈದು ಸೆಂಟಿನ ಸಾಲಿಗೆ ಬರೋಣ. ಅದರ ಹಿಂದಿದ್ದ ಮನುಷ್ಯ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್, ಬಾಸ್ಟನ್ನಿನ ವರ್ತಕ. ಬ್ರಿಟನ್ನಿನೊಡನೆ ಮಾಡಿಕೊಂಡ 1794ರ ಜೇ ಒಪ್ಪಂದದಿಂದ ಭಾರತದ ಬ್ರಿಟಿಷ್ ಬಂದರುಗಳಲ್ಲಿ ಅಮೆರಿಕದ ಹಡಗುಗಳಿಗೆ ಅಧಿಕೃತವಾಗಿ ದಾರಿ ತೆರೆದಿತ್ತು. ಬಾಸ್ಟನ್, ಸೇಲಂಗಳ ಹಡಗುಗಳು ಸ್ಪ್ಯಾನಿಷ್ ಬೆಳ್ಳಿ ಡಾಲರುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಕಲ್ಕತ್ತೆಗೆ ಹೋಗುತ್ತಿದ್ದವು, ಏಕೆಂದರೆ ಅಮೆರಿಕದಿಂದ ತಂದು ಅಲ್ಲಿ ಮಾರಬಹುದಾದ ಸರಕು ಹೆಚ್ಚೇನೂ ಇರಲಿಲ್ಲ. ಬರುವಾಗ ಬಾಫ್ತಾ ಮುಂತಾದ ಕೈಮಗ್ಗದ ಬಟ್ಟೆಯ ಮೂಟೆಗಳನ್ನು ಹೊತ್ತು ಬರುತ್ತಿದ್ದವು. ಲೋವೆಲ್ ಮತ್ತು ಅವರ ಭಾವಮೈದುನ ಪ್ಯಾಟ್ರಿಕ್ ಟ್ರೇಸಿ ಜಾಕ್ಸನ್ ಇಬ್ಬರೂ ಈ ವ್ಯಾಪಾರದಲ್ಲಿ ನುರಿತವರು. ಬಂಗಾಳದ ಒರಟು ಬಟ್ಟೆ ಯಾವ ಬೆಲೆಗೆ ಸಿಗುತ್ತದೆ, ಬಾಸ್ಟನ್ನಿನಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಯಂತ್ರಮಗ್ಗಗಳನ್ನು ಕಣ್ಣಲ್ಲೇ ಅಳೆದುಕೊಂಡು ಬಂದ ಲೋವೆಲ್, 1813ರಲ್ಲಿ ಬಾಸ್ಟನ್ ಬಳಿಯ ವಾಲ್ತಂನಲ್ಲಿ ಗಿರಣಿ ಕಟ್ಟಲು ಹೊರಟರು. ಪಾಲ್ ಮೂಡಿ ಎಂಬ ಕುಶಲಕರ್ಮಿಯ ಕೈ ಸೇರಿದ ಮೇಲೆ, ಹತ್ತಿ ಒಂದು ತುದಿಯಲ್ಲಿ ಒಳಗೆ ಹೋಗಿ ಇನ್ನೊಂದು ತುದಿಯಲ್ಲಿ ಬಟ್ಟೆಯಾಗಿ ಹೊರಬರುವ ಗಿರಣಿ ಸಿದ್ಧವಾಯಿತು.

ಆ ಮಗ್ಗಗಳಿಂದ ಬಂದದ್ದು ದಪ್ಪ ನೂಲಿನ, ಒಂದು ಗಜ ಅಗಲದ ಕೋರಾ ಬಟ್ಟೆ. ನಯವಾದ ಬಟ್ಟೆ ಅವುಗಳ ಕೈಗೆ ಇನ್ನೂ ಎಟುಕುತ್ತಿರಲಿಲ್ಲ. ಮೊದಲ ಬಟ್ಟೆಯನ್ನು ಬಾಸ್ಟನ್ನಿನ ಕಾರ್ನ್‌ಹಿಲ್ ಬೀದಿಯ ಅಂಗಡಿಯೊಂದರಲ್ಲಿ ಇಟ್ಟರು. ನೋಡಿದವರು ಮೆಚ್ಚಿದರು, ಕೊಳ್ಳಲಿಲ್ಲ. ಕೊನೆಗೆ ಹರಾಜಿಗೆ ಹಾಕಿದಾಗ ಗಜಕ್ಕೆ 30 ಸೆಂಟಿಗಿಂತ ತುಸು ಹೆಚ್ಚು ಬೆಲೆ ಬಂತು ಎಂದು ಅವರ ಪಾಲುದಾರ ನೇಥನ್ ಆ್ಯಪಲ್‌ಟನ್ ಮುಂದೆ ನೆನಪಿಸಿಕೊಂಡಿದ್ದಾರೆ. ಈ ಬಟ್ಟೆಗೆ ನಿಜವಾದ ಎದುರಾಳಿ ಮ್ಯಾಂಚೆಸ್ಟರಿನ ನಯವಾದ ಬಟ್ಟೆಯಾಗಿರಲಿಲ್ಲ. ಅದೇ ತರದ, ಅದಕ್ಕಿಂತ ಬಹಳ ಅಗ್ಗದ ಕಲ್ಕತ್ತೆಯ ಬಟ್ಟೆಯಾಗಿತ್ತು. ಹೀಗಾಗಿ 1816ರಲ್ಲಿ ವಾಷಿಂಗ್ಟನ್ನಿಗೆ ಹೋದ ಲೋವೆಲ್ ದೊಡ್ಡ ಸುಂಕಕ್ಕಾಗಿ ಕೂಗಾಡಲಿಲ್ಲ. ಕೂಗಾಡುತ್ತಿದ್ದವರು ರೋಡ್ ಐಲೆಂಡಿನ ಗಿರಣಿಯವರು. ಲೋವೆಲ್ ಕೇಳಿದ್ದು ಮಿತವಾದ ದರ ಮತ್ತು ಆ ಕನಿಷ್ಠ ಬೆಲೆಯ ನಿಯಮ. ಮೇಲುನೋಟಕ್ಕೆ ಶೇಕಡಾ 25. ಒಳಗೆ ತನಗೆ ಬೇಕಾದ ಕಡೆ ಮಾತ್ರ ಎತ್ತರದ ಗೋಡೆ. ಇಷ್ಟು ಚಾಣಾಕ್ಷವಾದ ಸುಂಕದ ನಿಯಮವನ್ನು ಆ ಕಾಲದಲ್ಲಿ ಇನ್ನೆಲ್ಲೂ ನಾನು ಕಂಡಿಲ್ಲ.

ಅವರು ಒಲಿಸಿಕೊಂಡವರು ಯಾರು ಎಂಬುದನ್ನು ಗಮನಿಸಬೇಕು. ವಿಲಿಯಂ ಲೌಂಡಿಸ್ ಮತ್ತು ಜಾನ್ ಸಿ. ಕ್ಯಾಲ್ಹೂನ್, ಇಬ್ಬರೂ ದಕ್ಷಿಣ ಕೆರೊಲಿನಾದವರು, ಹತ್ತಿ ಬೆಳೆಯುವ ನಾಡಿನವರು. ಭಾರತದ ಬಟ್ಟೆ ಭಾರತದ ಹತ್ತಿಯಿಂದ ಆದದ್ದು. ಅದನ್ನು ಹೊರಗಿಟ್ಟರೆ ಅದರ ಜಾಗದಲ್ಲಿ ಮಾರುವ ಬಟ್ಟೆ ಕೆರೊಲಿನಾ, ಜಾರ್ಜಿಯಗಳ ಹತ್ತಿಯಿಂದ ಆಗುತ್ತದೆ. ಬ್ರಿಟನ್ನಿನ ಬಟ್ಟೆಯಾದರೋ ಬಹುಮಟ್ಟಿಗೆ ತಮ್ಮದೇ ಹತ್ತಿಯದು, ಅದಕ್ಕೆ ಹೆಚ್ಚು ಪೆಟ್ಟು ಬೀಳುವುದು ಬೇಡ. ಉತ್ತರದ ಗಿರಣಿಯೂ ದಕ್ಷಿಣದ ತೋಟವೂ ಈ ಒಂದು ಸಾಲಿನಲ್ಲಿ ಕೈಕುಲುಕಿದವು. ವಿರೋಧಿಸಿದವರಲ್ಲಿ ಇಬ್ಬರು ನೆನಪಿನಲ್ಲಿ ಉಳಿಯುತ್ತಾರೆ. ಆಗ ಪೋರ್ಟ್ಸ್‌ಮತ್‌ನ ಹಡಗಿನವರನ್ನು ಪ್ರತಿನಿಧಿಸುತ್ತಿದ್ದ ಡೇನಿಯಲ್ ವೆಬ್‌ಸ್ಟರ್ ಎತ್ತರದ ದರಗಳನ್ನು ತಗ್ಗಿಸಲು ದುಡಿದರು. ವರ್ಜೀನಿಯದ ಜಾನ್ ರ‍್ಯಾಂಡಾಲ್ಫ್, ಒರಟು ಬಟ್ಟೆ, ಕಂಬಳಿ, ಉಪ್ಪುಗಳ ಮೇಲಿನ ಸುಂಕ ಬಡವರ ಮತ್ತು ಗುಲಾಮರ ಒಡೆಯರ ಮೇಲೆ ಬೀಳುತ್ತದೆ ಎಂದರು. ಅರ್ಧ ನಿಜ. ಒಡೆಯನ ಮೇಲೆ ಬಿದ್ದ ಹೊರೆ ಒಡೆಯನಲ್ಲೇ ನಿಲ್ಲುತ್ತಿತ್ತೇ? ವರ್ಷಕ್ಕಿಷ್ಟು ಗಜ ಎಂದು ಅಳೆದು ಕೊಡುತ್ತಿದ್ದ ಒರಟು ಬಟ್ಟೆಯಲ್ಲಿ ಬೆಲೆ ಏರಿದಾಗ ಗಜ ಕಡಿಮೆಯಾದರೆ, ಚಳಿಗೆ ನಡುಗುವವನು ಒಡೆಯನಲ್ಲ. ಪ್ರತಿನಿಧಿ ಸಭೆಯಲ್ಲಿ 88 ಮತಗಳು ಪರವಾಗಿ, 54 ವಿರುದ್ಧವಾಗಿ ಬಿದ್ದವು. ಹತ್ತಿ ಬಿಡಿಸುವವಳಿಗೂ ಬಂಗಾಳದ ಮಗ್ಗದವನಿಗೂ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಬಂಗಾಳದ ನೇಕಾರನ ಕೆಲಸವನ್ನು ಕಸಿದದ್ದು ಅಮೆರಿಕದ ಸುಂಕ ಎಂದು ನಾನು ಹೇಳುತ್ತಿಲ್ಲ. ಲ್ಯಾಂಕಶೈರಿನ ಯಂತ್ರಗಳೂ ಬ್ರಿಟನ್ ತನ್ನ ಮನೆಯಲ್ಲಿ ಭಾರತದ ಬಟ್ಟೆಯ ಮೇಲೆ ಹಾಕಿದ್ದ ಸುಂಕಗಳೂ ಕಂಪನಿಯ ಆಡಳಿತವೂ ಅದರಲ್ಲಿ ಬಹಳ ದೊಡ್ಡ ಪಾಲು ಹೊಂದಿವೆ. ಆದರೆ ಬೇರೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ತೆರೆದಿದ್ದ ಬಾಗಿಲೊಂದು ಇದು, ಮತ್ತು ಇದನ್ನು ಮುಚ್ಚಿದವರು ಅವನ ಬಟ್ಟೆಯನ್ನು ಮಾರಿಯೇ ಹಣ ಕಂಡವರು.

ಮುಂದಿನ ಹದಿನೈದು ವರ್ಷಗಳಲ್ಲಿ ಪಾತ್ರಗಳು ಅದಲುಬದಲಾದವು. ಕೆಂಟಕಿಯ ಹೆನ್ರಿ ಕ್ಲೇ 1824ರ ಮಾರ್ಚ್ ಕೊನೆಯಲ್ಲಿ ಸುಂಕ, ರಸ್ತೆ, ಕಾಲುವೆಗಳನ್ನು ಒಟ್ಟುಗೂಡಿಸಿ ಅಮೆರಿಕನ್ ಪದ್ಧತಿ ಎಂದು ಹೆಸರಿಟ್ಟಾಗ ವೆಬ್‌ಸ್ಟರ್ ಅದನ್ನು ಬಲವಾಗಿ ಖಂಡಿಸಿದರು. ನಾಲ್ಕೇ ವರ್ಷಗಳಲ್ಲಿ, ಮ್ಯಾಸಚೂಸೆಟ್ಸಿನ ಗಿರಣಿಗಳು ಹಡಗುಗಳನ್ನು ಮೀರಿಸಿ ಬೆಳೆದ ಮೇಲೆ, ಅದೇ ವೆಬ್‌ಸ್ಟರ್ 1828ರ ಸುಂಕಕ್ಕೆ ಮತ ಹಾಕಿದರು. ಅಷ್ಟರಲ್ಲಿ ಕ್ಯಾಲ್ಹೂನ್ ಎದುರು ದಡಕ್ಕೆ ಹೋಗಿ, ಆ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ತಮ್ಮ ಹೆಸರು ಹಾಕದೆ ದೀರ್ಘವಾದ ಪ್ರತಿಭಟನಾ ಲೇಖನ ಬರೆದರು. ಅವರಿಬ್ಬರೂ ಮಾತು ತಪ್ಪಿದವರು ಎಂದು ಬೈಯುವುದರಲ್ಲಿ ಹುರುಳಿಲ್ಲ. ಊರಿನ ಹಣ ಎಲ್ಲಿದೆಯೋ ಊರಿನ ಪ್ರತಿನಿಧಿಯ ತತ್ವ ಅಲ್ಲಿಗೆ ಹೋಗಿತ್ತು.

ದಕ್ಷಿಣ ಕೆರೊಲಿನಾದ ಜಾರ್ಜ್ ಮೆಕ್‌ಡಫಿ ಇದೇ ಹೊತ್ತಿನಲ್ಲಿ ಜನರ ಮುಂದಿಟ್ಟ ಲೆಕ್ಕವೊಂದು ಬಹಳ ಪ್ರಸಿದ್ಧವಾಯಿತು: ಆಮದಿನ ಮೇಲೆ ಶೇಕಡಾ 40ರ ಸುಂಕ ಎಂದರೆ, ತೋಟದವನು ಬೆಳೆದ 100 ಅಂಡಿಗೆ ಹತ್ತಿಯಲ್ಲಿ 40ನ್ನು ಸರ್ಕಾರ ಹೊತ್ತೊಯ್ದಂತೆ. ಲೆಕ್ಕ ಅಷ್ಟು ನೇರವಲ್ಲ, ಏಕೆಂದರೆ ಸುಂಕದ ಹೊರೆಯಲ್ಲಿ ಒಂದು ಭಾಗವನ್ನು ಎಲ್ಲ ಕೊಳ್ಳುವವರೂ ಹಂಚಿಕೊಳ್ಳುತ್ತಾರೆ. ಆದರೂ ಆಮದಿನ ಮೇಲಿನ ತೆರಿಗೆ ಕೊನೆಗೆ ರಫ್ತಿನ ಮೇಲೂ ಬೀಳುತ್ತದೆ ಎಂಬ ಅದರ ತಿರುಳು ಸರಿಯಾದದ್ದು. ಇಂದಿನ ಅರ್ಥಶಾಸ್ತ್ರವೂ ಅದನ್ನು ಒಪ್ಪುತ್ತದೆ. ನನ್ನ ತಕರಾರು ಬೇರೆ. ಆ 100 ಅಂಡಿಗೆಗಳನ್ನು ಬಿತ್ತಿ, ಕಳೆ ತೆಗೆದು, ಬಿಡಿಸಿದವರಿಂದ ನೂರಕ್ಕೆ ನೂರನ್ನೂ ಕಿತ್ತುಕೊಂಡ ಮನುಷ್ಯ, ತನ್ನಿಂದ 40 ಹೋಯಿತೆಂದು ಸ್ವಾತಂತ್ರ್ಯದ ಹೆಸರಿನಲ್ಲಿ ಅಳುತ್ತಿದ್ದ. 1832ರ ನವೆಂಬರ್ 24ರಂದು ದಕ್ಷಿಣ ಕೆರೊಲಿನಾ ಕೇಂದ್ರದ ಸುಂಕಗಳು ತನ್ನ ನೆಲದಲ್ಲಿ ಅಸಿಂಧು ಎಂದು ಸಾರಿತು. ಅಧ್ಯಕ್ಷ ಆ್ಯಂಡ್ರೂ ಜ್ಯಾಕ್ಸನ್ ಸೇನೆಯನ್ನು ಕಳಿಸುವ ಅಧಿಕಾರ ಕೇಳಿದರು. 1833ರ ಮಾರ್ಚ್‌ನಲ್ಲಿ ಕ್ಲೇ ಮತ್ತು ಕ್ಯಾಲ್ಹೂನ್ ಕೂತು ದರಗಳನ್ನು 1842ರೊಳಗೆ ಶೇಕಡಾ 20ಕ್ಕೆ ಇಳಿಸುವ ಒಪ್ಪಂದ ಮಾಡಿಕೊಂಡರು.

ಈ ವಾದಗಳು ನಮ್ಮ ಕಡೆಗೂ ಬಂದವು, ಸುತ್ತುದಾರಿಯಲ್ಲಿ. ಜರ್ಮನಿಯ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಲಿಸ್ಟ್ 1820ರ ದಶಕದಲ್ಲಿ ಪೆನ್ಸಿಲ್ವೇನಿಯದಲ್ಲಿ ನೆಲೆಸಿ ಹ್ಯಾಮಿಲ್ಟನ್ನರ ಪರಂಪರೆಯ ವಾದಗಳನ್ನು ಅಲ್ಲಿಯೇ ಅರಗಿಸಿಕೊಂಡವರು. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತದ ಅರ್ಥಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟ ಮಹಾದೇವ ಗೋವಿಂದ ರಾನಡೆ, ಇಂಗ್ಲೆಂಡಿನ ಮುಕ್ತ ವ್ಯಾಪಾರದ ಸಿದ್ಧಾಂತ ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಹೊಂದುವುದಿಲ್ಲ ಎಂದು ವಾದಿಸಲು ಲಿಸ್ಟರನ್ನು ಆಧಾರವಾಗಿ ಹಿಡಿದರು. ಬಂಗಾಳದ ಬಟ್ಟೆಯನ್ನು ಹೊರಗಿಟ್ಟು ಬೆಳೆದ ವಾದವನ್ನೇ ಭಾರತದ ಕೈಗಾರಿಕೆಯ ಪರವಾಗಿ ರಾನಡೆಯವರು ಎತ್ತಿಕೊಂಡದ್ದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅಮೆರಿಕದವರಿಗೆ ಇದ್ದದ್ದೂ ಆಗ ನಮಗೆ ಇಲ್ಲದಿದ್ದದ್ದೂ ತಮ್ಮ ಪಟ್ಟಿಯನ್ನು ತಾವೇ ಬರೆದುಕೊಳ್ಳುವ ಹಕ್ಕು.

ಇಪ್ಪತ್ತೈದು ಸೆಂಟಿನ ಸಾಲಿಗೆ ಏನಾಯಿತು ಎಂಬುದನ್ನು ಹೇಳಿಬಿಡಬೇಕು. ವಾಲ್ತಂನ ಬಟ್ಟೆಯ ಬೆಲೆಯನ್ನು ಆ್ಯಪಲ್‌ಟನ್ ಬರೆದಿಟ್ಟಿದ್ದಾರೆ: 1816ರಲ್ಲಿ ಗಜಕ್ಕೆ 30 ಸೆಂಟು, 1819ರಲ್ಲಿ 21, 1826ರಲ್ಲಿ 13, 1829ರಲ್ಲಿ ಎಂಟೂವರೆ, 1843ರಲ್ಲಿ ಆರೂವರೆ. ಬೆಲೆ ಇಳಿದಂತೆಲ್ಲ ಆರೂಕಾಲು ಸೆಂಟಿನ ಸುಂಕ, ಕಾಂಗ್ರೆಸ್ ಆ ಕನಿಷ್ಠ ಬೆಲೆಯನ್ನು 1824ರಲ್ಲಿ 30 ಸೆಂಟಿಗೂ 1828ರಲ್ಲಿ 35 ಸೆಂಟಿಗೂ ಏರಿಸುವ ಮೊದಲೇ, ತಾನೇ ತಾನಾಗಿ ಏರುವ ಗೋಡೆಯಾಯಿತು, ಮತ್ತು ಕಲ್ಕತ್ತೆಯ ಬಟ್ಟೆಯ ಜೊತೆಗೆ ಇಂಗ್ಲೆಂಡಿನ ಅಗ್ಗದ ಬಟ್ಟೆಯೂ ಅದರ ಆಚೆ ಉಳಿಯಿತು. ಒಮ್ಮೆ ಬಂಗಾಳದ ಮೂಟೆಗಳನ್ನು ಹೊತ್ತು ತರುತ್ತಿದ್ದ ಸೇಲಂನ ವರ್ತಕರು 1830ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಕೋರಾ ಬಟ್ಟೆಯನ್ನು ಜಾಂಜಿಬಾರಿಗೆ ಒಯ್ದು, ಅಲ್ಲಿ ಬಹುಕಾಲದಿಂದ ಮಾರುತ್ತಿದ್ದ ಭಾರತದ ಬಟ್ಟೆಯ ಜಾಗವನ್ನು ಹಿಡಿದರು; ಅದನ್ನು ಅಲ್ಲಿನ ಪೇಟೆಯಲ್ಲಿ ಕೊಂಡು ಒಳನಾಡಿಗೆ ಸಾಗಿಸಿದವರಲ್ಲಿ ಕಚ್ಛಿನ ವ್ಯಾಪಾರಿಗಳೂ ಇದ್ದರು. ಅಮೆರಿಕದ ಕಾಂಗ್ರೆಸ್ ಕನಿಷ್ಠ ಬೆಲೆಯ ನಿಯಮವನ್ನು ತೆಗೆದುಹಾಕಿದ್ದು 1846ರ ವಾಕರ್ ಸುಂಕದ ಕಾಯಿದೆಯಲ್ಲಿ, ಆ ನಿಯಮ ಯಾರ ಬಟ್ಟೆಯನ್ನು ತಡೆಯಲು ಹುಟ್ಟಿತ್ತೋ ಅವರ ಬಟ್ಟೆ ಬಾಸ್ಟನ್ ಕಡೆಗೆ ಬರುವುದು ನಿಂತು ಎಷ್ಟೋ ಕಾಲವಾದ ಮೇಲೆ.